ಕೆರೆಯ ಒಡಲಲ್ಲಿ ಬಸ್ಸಿಳಿದು

ಹರವೆ ಕಡೆಯ ನಮಗೆ ಬೇಸಿಗೆ ರಜೆಯೆಂದರೆ ಊಟಿ. ಗುಂಡ್ಲುಪೇಟೆಗೆ ಬಂದು, ಬಂಡೀಪುರ ದಾಟಿ, ಘಾಟಿ ಹತ್ತಿದರೆ ಕೆರೆ, ದೋಣಿ, ಚಳಿ.

ಆ ಕೆರೆ ತಾನಾಗಿ ಆದದ್ದಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1823-25ರಲ್ಲಿ ತೊರೆಗಳಿಗೆ ಏರಿ ಹಾಕಿಸಿ ಕಟ್ಟಿಸಿದ್ದು. ಅದಕ್ಕೂ ಮುಂಚೆ ಅದು ತೋಡರು ಎಮ್ಮೆ ಮೇಯಿಸುತ್ತಿದ್ದ ನೆಲ. ಉದಕಮಂಡಲದ ‘ಮಂಡ’ ಎಂಬುದು ತೋಡರ ಹಟ್ಟಿಯ ಹೆಸರಿನಿಂದಲೇ ಬಂದದ್ದು. ಬಯಲಿನ ಬಿಸಿಲು ತಾಳದ ಕಂಪನಿ ಅಧಿಕಾರಿಗಳು ಆರೋಗ್ಯಕ್ಕೆಂದು ಅಲ್ಲಿಗೆ ಹೋಗತೊಡಗಿದರು. ಮುಂದೆ ಮದರಾಸು ಸರ್ಕಾರವೇ ಪ್ರತಿ ಬೇಸಿಗೆ ಬೆಟ್ಟ ಹತ್ತಿತು. ನಮ್ಮ ‘ರಜೆ’ಯ ರೂಢಿ ಅವರಿಂದ ಬಂದದ್ದು.

ಆದರೆ ಕನ್ನಡ ಸೀಮೆಯಿಂದ ಜನ ಆ ಬೆಟ್ಟ ಹತ್ತಿದ್ದು ಅದಕ್ಕೂ ಬಹಳ ಹಿಂದೆ. ಬಡಗರೆಂದರೆ ಬಡಗಣ ದಿಕ್ಕಿನವರು. ಅವರ ಹಿರಿಯರು ಹೇಳುವ ಕತೆಗಳು ಮೂಲವನ್ನು ಮೈಸೂರು ಸೀಮೆಗೆ ಒಯ್ಯುತ್ತವೆ. ಅವರ ನುಡಿ ನಮ್ಮ ಕಿವಿಗೆ ನಂಟಿನದು. 1603ರಲ್ಲಿ ಬೆಟ್ಟ ಹತ್ತಿದ ಜೆಸೂಟ್ ಪಾದ್ರಿ ಫೆನಿಸಿಯೊ ಆಗಲೇ ಅಲ್ಲಿ ಬಡಗರನ್ನು ಕಂಡಿದ್ದ. ಅವರು ಹೋದದ್ದು ವಿಹಾರಕ್ಕಲ್ಲ, ಬೇಸಾಯ ಮಾಡಿ ಬದುಕಲಿಕ್ಕೆ.

ಸಲ್ಲಿವನ್ನನ ಕೆರೆಯೂ ಈಗ ಹಿಂದಿನಷ್ಟು ದೊಡ್ಡದಿಲ್ಲ. ಅದರ ಅಂಗಳದಲ್ಲೇ ಕುದುರೆ ಜೂಜಿನ ಮೈದಾನವೂ ಬಸ್ ನಿಲ್ದಾಣವೂ ಎದ್ದವು. ಕೆರೆ ನೋಡಲು ಹೋಗುವ ನಾವು ಬಸ್ಸಿಳಿಯುವುದೇ ಕೆರೆಯ ಒಡಲಲ್ಲಿ. ಇಳಿದ ಮೇಲೆ ದೋಣಿಯ ಟಿಕೆಟ್ಟಿಗೆ ಸಾಲು ನಿಲ್ಲುವಾಗ, ಪಕ್ಕದಲ್ಲಿ ಬಡಗ ಮಾತು ಕೇಳಿಸಿದರೆ ಒಂದು ಗಳಿಗೆ ಕಿವಿಗೊಡಿ.