ಕಣಭೌತವಿಜ್ಞಾನದಿಂದ ವಾಲ್ ಸ್ಟ್ರೀಟಿಗೆ

1971ರಲ್ಲಿ ಅಮೆರಿಕದ ಭೌತವಿಜ್ಞಾನ ಸಂಸ್ಥೆಯ ಉದ್ಯೋಗ ವಿಭಾಗದಲ್ಲಿ ಕೆಲಸ ಕೇಳಿ ಹೆಸರು ಬರೆಸಿದವರು 1,053 ಮಂದಿ. ಇದ್ದ ಹುದ್ದೆಗಳು 53.

ಇಂಥ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿತು. ಮರುವರ್ಷವೇ ರಕ್ಷಣಾ ಶಿಕ್ಷಣ ಕಾಯಿದೆ ಬಂತು, ವಿದ್ಯಾರ್ಥಿವೇತನಗಳು ಹರಿದುಬಂದವು, ಭೌತವಿಜ್ಞಾನ ವಿಭಾಗಗಳು ಉಬ್ಬಿದವು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ವಿಯೆಟ್ನಾಂ ಯುದ್ಧ ಬೊಕ್ಕಸವನ್ನು ಹಿಂಡುತ್ತಿತ್ತು. ಸೈನ್ಯಕ್ಕೆ ನೇರವಾಗಿ ಬೇಕಿಲ್ಲದ ಸಂಶೋಧನೆಗೆ ರಕ್ಷಣಾ ಇಲಾಖೆ ಹಣ ಕೊಡಕೂಡದೆಂದು 1969ರಲ್ಲಿ ಸಂಸತ್ತು ಕಟ್ಟು ಹಾಕಿತು. ಹಣ ನಿಂತಿತು. ಆದರೆ ಐದಾರು ವರ್ಷ ಹಿಂದೆ ಪಿಎಚ್.ಡಿ.ಗೆ ಸೇರಿಕೊಂಡವರು ಓದು ಮುಗಿಸಿ ಹೊರಬರುತ್ತಲೇ ಇದ್ದರು. ಪ್ರಯೋಗ ಮಾಡುವವರಿಗೆ ಎಲೆಕ್ಟ್ರಾನಿಕ್ಸ್, ನಿರ್ವಾತ ಯಂತ್ರಗಳ ಪರಿಚಯವಿತ್ತು. ಕಾರ್ಖಾನೆಗಳು ಅವರನ್ನು ಕೇಳುತ್ತಿದ್ದವು. ಕಾಗದ, ಪೆನ್ಸಿಲ್ ಹಿಡಿದು ಕೂತ ಸಿದ್ಧಾಂತಿಗಳನ್ನು ಕೇಳುವವರಿರಲಿಲ್ಲ.

ಆ ಪೀಳಿಗೆಯ ಬದುಕು ಹೇಗಿತ್ತೆಂಬುದಕ್ಕೆ ಇಮ್ಯಾನುಯೆಲ್ ಡರ್ಮನ್ ಒಳ್ಳೆಯ ಉದಾಹರಣೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಕಣಭೌತವಿಜ್ಞಾನದ ಡಾಕ್ಟರೇಟ್ ಪಡೆದವರು. ಆಮೇಲೆ ಶುರುವಾದದ್ದು ಅಲೆದಾಟ: ಪೆನ್ಸಿಲ್ವೇನಿಯಾ, ಆಕ್ಸ್‌ಫರ್ಡ್, ರಾಕ್‌ಫೆಲರ್, ಕೊನೆಗೆ ಕೊಲೊರಾಡೊದ ಬೌಲ್ಡರ್. ಎಲ್ಲಿಯೂ ಬಹುಕಾಲ ನೆಲೆ ನಿಲ್ಲಲಾಗಲಿಲ್ಲ. ಕುಟುಂಬದಿಂದ ದೂರವಿರುವುದು ಸಾಕಾಗಿ 1980ರಲ್ಲಿ ಅವರು ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿನ ಕೆಲಸ ಅವರಿಗೆ ಹಿಡಿಸಲಿಲ್ಲ. ಆದರೂ ಯೂನಿಕ್ಸ್ ಮತ್ತು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಕೈಗೆ ಹತ್ತಿದ್ದು ಅಲ್ಲಿಯೇ. 1985ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ಕರೆದಾಗ ಅದೇ ಕೆಲಸಕ್ಕೆ ಬಂತು.

ಭೌತವಿಜ್ಞಾನಿಯಿಂದ ಬ್ಯಾಂಕಿಗೇನು ಕೆಲಸ? ಹಿಂದಕ್ಕೆ ಹೋಗಬೇಕು. 1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಾಶೆಲಿಯೆ ಎಂಬ ಯುವಕ ಷೇರುಪೇಟೆಯ ಬೆಲೆಗಳ ಅಡ್ಡಾದಿಡ್ಡಿ ಏರಿಳಿತಕ್ಕೆ ಗಣಿತ ಕಟ್ಟಿದ್ದ. ನೀರಿನಲ್ಲಿ ತೇಲುವ ಕಣಗಳ ತುಯ್ತಕ್ಕೆ ಐನ್‌ಸ್ಟೀನ್ ಅದೇ ಬಗೆಯ ಗಣಿತವನ್ನು ಕಂಡುಕೊಂಡದ್ದು ಐದು ವರ್ಷಗಳ ನಂತರ! 1959ರಲ್ಲಿ ಅಮೆರಿಕದ ನೌಕಾ ಪ್ರಯೋಗಾಲಯದ ಎಂ.ಎಫ್.ಎಂ. ಆಸ್ಬರ್ನ್ ಎಂಬ ಭೌತವಿಜ್ಞಾನಿ ಇದನ್ನೇ ಸ್ವತಂತ್ರವಾಗಿ ಷೇರುಪೇಟೆಗೆ ಅನ್ವಯಿಸಿದರು. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಓದಿ ಹಣಕಾಸಿನತ್ತ ಹೊರಳಿದ್ದ ಫಿಶರ್ ಬ್ಲ್ಯಾಕ್, ಮೈರನ್ ಷೋಲ್ಸ್ ಜೊತೆಗೂಡಿ 1973ರಲ್ಲಿ ಆಪ್ಷನ್‌ಗಳ ಬೆಲೆ ಕಟ್ಟುವ ಸೂತ್ರ ಪ್ರಕಟಿಸಿದರು. ಆಪ್ಷನ್ ಎಂದರೆ ಮುಂದೊಂದು ದಿನ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಆ ಸೂತ್ರದ ಹಿಂದಿನ ಸಮೀಕರಣವನ್ನು ಸ್ವಲ್ಪ ತಿರುವಿದರೆ ಸಿಗುವುದು ಶಾಖ ಹರಡುವ ಸಮೀಕರಣ. ಅದನ್ನು ಬಿಡಿಸಲು ಸಿದ್ಧಾಂತಿಗಳಿಗೆ ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಆಪ್ಷನ್‌ಗಳ ವಿನಿಮಯ ಕೇಂದ್ರ ಬಾಗಿಲು ತೆರೆಯಿತು.

ಗೋಲ್ಡ್‌ಮನ್‌ನಲ್ಲಿ ಡರ್ಮನ್‌ಗೆ ಎದುರಾದದ್ದು ಸಾಲಪತ್ರಗಳ, ಅಂದರೆ ಬಾಂಡ್‌ಗಳ ಸಮಸ್ಯೆ. ಷೇರಿನ ಬೆಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಬಾಂಡ್ ಹಾಗಲ್ಲ, ನಡುವೆ ಎಷ್ಟೇ ಏರಿಳಿದರೂ ಅವಧಿ ಮುಗಿದ ದಿನ ಅದರ ಬೆಲೆ ಮುಖಬೆಲೆಗೇ ಬಂದು ನಿಲ್ಲಬೇಕು. ಹಾಗಾಗಿ 1973ರ ಸೂತ್ರ ಇಲ್ಲಿ ಎಡವುತ್ತಿತ್ತು. ಆ ಹೊತ್ತಿಗೆ ಗೋಲ್ಡ್‌ಮನ್‌ಗೇ ಬಂದಿದ್ದ ಬ್ಲ್ಯಾಕ್, ಡರ್ಮನ್ ಮತ್ತು ಅವರ ಸಹೋದ್ಯೋಗಿ ಬಿಲ್ ಟಾಯ್ ಮೂವರೂ ಸೇರಿ ಬಾಂಡನ್ನು ಬಿಟ್ಟು ಅಲ್ಪಾವಧಿ ಬಡ್ಡಿದರವನ್ನು ಹಿಡಿದರು. ದರ ಮುಂದಿನ ಹಂತದಲ್ಲಿ ಏರಬಹುದು ಅಥವಾ ಇಳಿಯಬಹುದು ಎಂದು ಕವಲು ಕವಲಾಗಿ ಮರ ಬಿಡಿಸಿ, ಪೇಟೆಯಲ್ಲಿ ಅಂದು ನಡೆಯುತ್ತಿರುವ ಬಾಂಡ್ ಬೆಲೆಗಳಿಗೆ ಆ ಮರ ಹೊಂದುವಂತೆ ಲೆಕ್ಕ ಕೂಡಿಸಿದರು. 1990ರಲ್ಲಿ ಪ್ರಕಟವಾದ ಈ ಮಾದರಿ ಮೂವರ ಹೆಸರಿನಲ್ಲೇ ಪ್ರಸಿದ್ಧವಾಯಿತು. ಇದು ಭೌತವಿಜ್ಞಾನಿಗಳು ಸಮೀಕರಣ ಹೊತ್ತೊಯ್ದು ಬ್ಯಾಂಕಿನಲ್ಲಿ ಇಳಿಸಿದ ಕಥೆ ಅಲ್ಲ. ಬಾಂಡ್ ಮಾರುವವರ ಪಕ್ಕದಲ್ಲಿ ಕೂತು, ಅವರಿಗೆ ಏನು ಬೇಕೆಂದು ಕೇಳಿ ತಿಳಿದು, ಗಣಿತವನ್ನು ಅದಕ್ಕೆ ತಕ್ಕಂತೆ ಕಟ್ಟಿದವರ ಕಥೆ.

ಎರಡನೆಯ ದೊಡ್ಡ ಹೊಡೆತ 1993ರಲ್ಲಿ ಬಿತ್ತು. ಟೆಕ್ಸಾಸಿನ ವಾಕ್ಸಹ್ಯಾಚಿಯಲ್ಲಿ 87 ಕಿಲೋಮೀಟರ್ ಸುತ್ತಳತೆಯ ಮಹಾ ಕಣವೇಗವರ್ಧಕಕ್ಕೆ ಸುರಂಗ ತೋಡುತ್ತಿದ್ದರು. ಸುಮಾರು 200 ಕೋಟಿ ಡಾಲರ್ ಖರ್ಚಾದ ಮೇಲೆ ಅಕ್ಟೋಬರ್‌ನಲ್ಲಿ ಸಂಸತ್ತು ಯೋಜನೆಯನ್ನೇ ಕೈಬಿಟ್ಟಿತು. ಅದನ್ನೇ ನಂಬಿದ್ದ ಯುವಕರಲ್ಲಿ ಹಲವರು ವಾಲ್ ಸ್ಟ್ರೀಟಿನ ದಾರಿ ಹಿಡಿದರು. ಫ್ರಾನ್ಸಿನಲ್ಲಿ ಸಿದ್ಧಾಂತಿ ಜಾನ್-ಫಿಲಿಪ್ ಬೂಶೊ 1994ರಲ್ಲಿ ಸ್ವಂತ ಹಣಕಾಸು ಸಂಶೋಧನಾ ಕಂಪನಿ ತೆರೆದರು. ಪೇಟೆಯನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡುವ ಈ ಅಧ್ಯಯನಕ್ಕೆ ಅಮೆರಿಕದ ಭೌತವಿಜ್ಞಾನಿ ಯುಜೀನ್ ಸ್ಟ್ಯಾನ್ಲಿ ಹೆಸರಿಟ್ಟದ್ದು 1995ರಲ್ಲಿ, ನಮ್ಮ ಕೋಲ್ಕತ್ತದ ಸಮ್ಮೇಳನವೊಂದರಲ್ಲಿ.

ಹಣಕಾಸು ಒಂದೇ ದಾರಿಯಾಗಿರಲಿಲ್ಲ. ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರ ಶಿಷ್ಯ ವಾಲ್ಟರ್ ಗಿಲ್ಬರ್ಟ್ ಜೀವವಿಜ್ಞಾನಕ್ಕೆ ಹೊರಳಿ, 1978ರಲ್ಲಿ ಬಯೋಜೆನ್ ಕಂಪನಿಯ ಸ್ಥಾಪಕರಲ್ಲೊಬ್ಬರಾಗಿ, 1980ರಲ್ಲಿ ನೊಬೆಲ್ ಪಡೆದರು. ಇಪ್ಪತ್ತರ ಹರೆಯದಲ್ಲೇ ಕಣಭೌತವಿಜ್ಞಾನದ ಡಾಕ್ಟರೇಟ್ ಮುಗಿಸಿದ ಸ್ಟೀಫನ್ ವುಲ್ಫ್ರಂ ತಮ್ಮ ಕಂಪನಿಯಿಂದ 1988ರಲ್ಲಿ ಮ್ಯಾಥಮ್ಯಾಟಿಕಾ ತಂತ್ರಾಂಶ ಹೊರತಂದರು.

2008ರ ಹಣಕಾಸು ಕುಸಿತದ ಆಪಾದನೆಯಲ್ಲಿ ವಾಲ್ ಸ್ಟ್ರೀಟಿನ ಈ ಲೆಕ್ಕಿಗರಿಗೂ ಪಾಲು ಬಂತು. ಅದು ಪೂರ್ತಿ ಅನ್ಯಾಯವೇನಲ್ಲ. ಡರ್ಮನ್ ಮತ್ತು ಗಣಿತಜ್ಞ ಪಾಲ್ ವಿಲ್ಮಟ್ 2009ರ ಜನವರಿಯಲ್ಲಿ ಪ್ರಣಾಳಿಕೆಯೊಂದನ್ನು ಹೊರಡಿಸಿ, ಮಾದರಿ ಕಟ್ಟುವವರು ವೈದ್ಯರಂತೆ ಪ್ರತಿಜ್ಞೆ ಮಾಡಬೇಕೆಂದರು. ಮಾದರಿಯ ಮಿತಿಯನ್ನು ಮುಚ್ಚಿಡಬಾರದೆಂಬುದು ಅದರ ತಿರುಳು.

ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲೂ ಇದೆ. ಹಾಗಾಗಿ ಈ ಇತಿಹಾಸ ಮೈಸೂರು, ಧಾರವಾಡದ ಎಂ.ಎಸ್ಸಿ. ತರಗತಿಗಳಿಗೂ ತಲುಪಬೇಕು. ಅಧ್ಯಾಪಕ ಹುದ್ದೆ ಸಿಗದವರನ್ನು ಸೋತವರೆಂದು ನೋಡುವುದು ತಪ್ಪು. ಹುದ್ದೆಗಳ ಸಂಖ್ಯೆ ಸರ್ಕಾರದ ಹಣದ ಲೆಕ್ಕ, ವಿದ್ಯಾರ್ಥಿಯ ಯೋಗ್ಯತೆಯ ಅಳತೆಯಲ್ಲ. ನಮ್ಮ ವಿಭಾಗಗಳು ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗನ್ನು ಮೊದಲ ವರ್ಷದಲ್ಲೇ ಕಲಿಸಲಿ, ಬೇರೆ ದಾರಿ ಹಿಡಿದ ಹಳೆಯ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ ಮಾತಾಡಿಸಲಿ.