ತೊಂಬತ್ತೇಳು ದೊಡ್ಡದೋ, ಮುನ್ನೂರ ಮೂರು ದೊಡ್ಡದೋ?

ಚೆನ್ನೈನ ಚೆಪಾಕ್ ಮೈದಾನದಲ್ಲಿ ಕರ್ನಾಟಕದ ಇಬ್ಬರು ಬ್ಯಾಟ್ಸ್‌ಮನ್‌ಗಳು ಔಟಾಗದೆ ಉಳಿದ ಎರಡು ಇನಿಂಗ್ಸ್‌ಗಳಿವೆ. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಗುಂಡಪ್ಪ ವಿಶ್ವನಾಥ್ ಅಜೇಯ 97. 2016ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ನಾಯರ್ ಅಜೇಯ 303. ಎರಡೂ ಟೆಸ್ಟ್‌ಗಳನ್ನು ಭಾರತ ಗೆದ್ದಿತು. ಕರುಣ್ ಆಡಿದಾಗ ತಂಡದ ಮೊತ್ತ 7 ವಿಕೆಟ್‌ಗೆ 759, ಭಾರತದ ಟೆಸ್ಟ್ ಚರಿತ್ರೆಯಲ್ಲೇ ಅತಿ ದೊಡ್ಡದು. ವಿಶ್ವನಾಥ್ ಆಡಿದಾಗ ತಂಡದ ಮೊತ್ತ ಬರೀ 190. ಆ್ಯಂಡಿ ರಾಬರ್ಟ್ಸ್ ಬೆಂಕಿಯಂತೆ ಬೌಲ್ ಮಾಡಿ 64 ರನ್‌ಗೆ 7 ವಿಕೆಟ್ ಕಿತ್ತಿದ್ದರು. ಒಂದು ತುದಿಯಲ್ಲಿ ಒಬ್ಬೊಬ್ಬರೇ ಬಂದು ಹೋಗುತ್ತಿದ್ದರೆ, ಇನ್ನೊಂದು ತುದಿಯಲ್ಲಿ ಆ ಕುಳ್ಳ ಮನುಷ್ಯ ಸ್ಕ್ವೇರ್ ಕಟ್ ಹೊಡೆಯುತ್ತಲೇ ಇದ್ದರು. ಕೊನೆಯವರಾಗಿ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರು ರನ್ ಬಾಕಿ.

ಈ ಎರಡರಲ್ಲಿ ಯಾವುದು ದೊಡ್ಡದು? ಸಾರ್ವಕಾಲಿಕ ಶ್ರೇಷ್ಠ ಬ್ಯಾಟ್ಸ್‌ಮನ್‌ಗಳ ಪಟ್ಟಿ ಮಾಡಲು ಹೊರಟವರೆಲ್ಲ ಎಡವಿದ್ದು ಇದೇ ಪ್ರಶ್ನೆಯ ಹೊಸ್ತಿಲಲ್ಲಿ. ಪಟ್ಟಿ ಮಾಡುವ ವಿದ್ಯೆ ಬೆಳೆದ ಕತೆಯನ್ನು ನೋಡಿದರೆ, ಅದು ಬಹುಪಾಲು ಆ 97 ರನ್‌ಗಳಂಥ ಆಟವನ್ನು ಅಂಕಿಯೊಳಗೆ ಹಿಡಿಯುವ ಪ್ರಯತ್ನದ ಕತೆ ಎಂದು ನನಗನ್ನಿಸುತ್ತದೆ.

ಮೊದಲು ಬಂದದ್ದು ಸರಾಸರಿ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ದಶಮಾಂಶದ ಗೊಡವೆ ಇರಲಿಲ್ಲ. ರನ್‌ಗಳನ್ನು ಭಾಗಿಸಿ, ಶಾಲೆಯ ಹುಡುಗರ ಲೆಕ್ಕದಂತೆ ಭಾಗಲಬ್ಧವನ್ನೂ ಶೇಷವನ್ನೂ ಪಕ್ಕಪಕ್ಕ ಬರೆಯುತ್ತಿದ್ದರು. ಮುಂದೆ ಔಟಾಗದ ಇನಿಂಗ್ಸ್‌ಗಳನ್ನು ಕಳೆದು ಉಳಿದದ್ದರಿಂದ ಭಾಗಿಸುವ ಪದ್ಧತಿ ನೆಲೆಯೂರಿತು. ಡಾನ್ ಬ್ರಾಡ್ಮನ್ 80 ಇನಿಂಗ್ಸ್‌ಗಳಲ್ಲಿ 10 ಸಲ ಔಟಾಗದೆ 6996 ರನ್ ಗಳಿಸಿದರು. 70ರಿಂದ ಭಾಗಿಸಿದರೆ 99.94. 1948ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಎರಿಕ್ ಹೋಲೀಸ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡದೇ ಇದ್ದು ಇನ್ನು ನಾಲ್ಕೇ ರನ್ ಸಿಕ್ಕಿದ್ದರೆ ನೂರು ತುಂಬುತ್ತಿತ್ತು ಎಂಬುದು ಕ್ರಿಕೆಟ್ ಗೊತ್ತಿಲ್ಲದವರಿಗೂ ಗೊತ್ತು. ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಚಾರ್ಲ್ಸ್ ಡೇವಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತನ್ನ ಆಟದ ಉಳಿದವರಿಗಿಂತ ಒಬ್ಬ ಆಟಗಾರ ಎಷ್ಟು ದೂರ ನಿಲ್ಲುತ್ತಾನೆ ಎಂದು ಅಳೆದು, ಫುಟ್‌ಬಾಲ್‌ನ ಪೆಲೆ, ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಇಬ್ಬರಿಗಿಂತಲೂ ಬ್ರಾಡ್ಮನ್ ಮೇಲಿದ್ದಾರೆಂದು ತೋರಿಸಿದರು. ಹೀಗಾಗಿ ಮೊದಲ ಸ್ಥಾನಕ್ಕೆ ತಕರಾರಿಲ್ಲ. ಜಗಳವೆಲ್ಲ ಎರಡನೆಯದರಿಂದ ಶುರು.

ಸರಾಸರಿಯ ಪಟ್ಟಿಯಲ್ಲಿ ವಿಶ್ವನಾಥ್ ಎಲ್ಲೋ ಕೆಳಗೆ. 91 ಟೆಸ್ಟ್, 6080 ರನ್, 41.93. ಅದೇ ಪಟ್ಟಿಯಲ್ಲಿ ರಾಹುಲ್ ದ್ರಾವಿಡ್ ಬಲು ಎತ್ತರ: 164 ಟೆಸ್ಟ್, 13,288 ರನ್, 52.31. ವಿಜಯಪುರ ಜಿಲ್ಲೆಯ ಕೊಲ್ಹಾರದ ಕಡೆ ಚಾದಂಗಡಿಯ ಕಟ್ಟೆಯಲ್ಲಿ ಈ ಮಾತು ಎತ್ತಿ ನೋಡಿ. ಮೊಬೈಲ್ ತೆಗೆದು ಅಂಕಿ ತೋರಿಸುವ ಹುಡುಗನಿಗೆ, ರೇಡಿಯೋ ಕಿವಿಗಿಟ್ಟುಕೊಂಡು ಬೆಳೆದ ಕಾಕಾ ಹೇಳುವುದು ಇಷ್ಟೇ: "ನೀ ಲೆಕ್ಕಾ ಹೇಳಾಕತ್ತಿ ತಮ್ಮಾ, ನಾ ಆಟ ಹೇಳಾಕತ್ತೀನಿ." ಕೃಷ್ಣೆಯ ದಂಡೆಯ ಈ ಊರು ಗಡಿಗೆ ಮೊಸರಿಗೆ ಹೆಸರುವಾಸಿ. ಅಲ್ಲಿ ಮೊಸರಿನ ಗುಣವನ್ನು ತಕ್ಕಡಿಯಲ್ಲಿ ನೋಡುವುದಿಲ್ಲ, ಗಡಿಗೆ ಬೋರಲು ಹಾಕಿದರೂ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಕಾಕಾನ ವಾದವೂ ಅದೇ: ತಂಡವೇ ಬೋರಲಾದ ದಿನ ಯಾರು ನಿಂತರು? ಹಾಗಿದ್ದೂ ಅದೇ ಊರಿನ ಟೆನಿಸ್ ಬಾಲ್ ಟೂರ್ನಮೆಂಟ್‌ನಲ್ಲಿ ಬೆಸ್ಟ್ ಬ್ಯಾಟ್ಸ್‌ಮನ್ ಕಪ್ಪು ಹೋಗುವುದು ಹೆಚ್ಚು ರನ್ ಹೊಡೆದವನಿಗೇ. ಕಮಿಟಿಯವರಿಗೆ ಜಗಳ ಬೇಡ, ಒಟ್ಟು ರನ್ನಿಗೆ ಯಾರೂ ತಕರಾರು ತೆಗೆಯುವುದಿಲ್ಲ.

ಕಾಕಾನ ವಾದಕ್ಕೆ ಗಣಿತದ ಬಲ ಕೊಡುವ ಕೆಲಸ ಶುರುವಾದದ್ದು 1987ರಲ್ಲಿ. ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್‌ಟರ್, ಗೋರ್ಡನ್ ವಿನ್ಸ್ ಮತ್ತು ರಾಬ್ ಈಸ್ಟವೇ ಎಂಬಿಬ್ಬರ ಜೊತೆ ಸೇರಿ ಡೆಲಾಯ್ಟ್ ರೇಟಿಂಗ್ ಎಂಬ ಪದ್ಧತಿ ತಂದರು. ಇಂದಿನ ಐಸಿಸಿ ಶ್ರೇಯಾಂಕದ ಮೂಲ ಅದೇ. ಸೊನ್ನೆಯಿಂದ ಸಾವಿರದವರೆಗಿನ ಅಳತೆ. ಎದುರಿದ್ದ ಬೌಲರ್‌ಗಳು ಎಂಥವರು, ಆ ಪಂದ್ಯದಲ್ಲಿ ರನ್ ಎಷ್ಟು ಸಲೀಸಾಗಿ ಬರುತ್ತಿತ್ತು, ತಂಡ ಗೆದ್ದಿತೇ ಎಂಬುದೆಲ್ಲ ಲೆಕ್ಕಕ್ಕೆ. ಇತ್ತೀಚಿನ ಪಂದ್ಯಕ್ಕೆ ತೂಕ ಹೆಚ್ಚು, ಹಳೆಯದಕ್ಕೆ ಕಮ್ಮಿ. ಹಿಂದಿನ ಪಂದ್ಯಗಳಿಗೂ ಇದನ್ನೇ ಅನ್ವಯಿಸಿದಾಗ ಬ್ರಾಡ್ಮನ್ 961 ಅಂಕ ಮುಟ್ಟಿದ್ದರೆಂದು ತಿಳಿಯಿತು. ಸ್ಟೀವ್ ಸ್ಮಿತ್ 947ರವರೆಗೆ ಏರಿದರು. ಭಾರತೀಯರಲ್ಲಿ ವಿರಾಟ್ ಕೊಹ್ಲಿ 937, ಸುನಿಲ್ ಗಾವಸ್ಕರ್ 916. ಆದರೆ ಇದು ಹೇಳುವುದು ಒಬ್ಬನ ಅತ್ಯುತ್ತಮ ಹೊತ್ತನ್ನು, ಅವನ ಇಡೀ ಬಾಳ್ವೆಯನ್ನಲ್ಲ. ಜನ ಇದನ್ನು ಸಾರ್ವಕಾಲಿಕ ಪಟ್ಟಿಯೆಂದು ಓದುವುದು ಪಟ್ಟಿ ಮಾಡಿದವರ ತಪ್ಪೇನಲ್ಲ.

2000ದಲ್ಲಿ ಕ್ರಿಕೆಟ್ ವಾರ್ಷಿಕ ಸಂಪುಟ ವಿಸ್ಡನ್ ಬೇರೆ ದಾರಿ ಹಿಡಿಯಿತು. ನೂರು ಮಂದಿ ಬಲ್ಲವರು, ಶತಮಾನದ ಶ್ರೇಷ್ಠ ಕ್ರಿಕೆಟಿಗರೆಂದು ತಲಾ ಐದು ಹೆಸರು. ಬ್ರಾಡ್ಮನ್‌ಗೆ ನೂರಕ್ಕೆ ನೂರು ಮತ, ಸೋಬರ್ಸ್‌ಗೆ 90. ಮೂರನೆಯವರಾದ ಜಾಕ್ ಹಾಬ್ಸ್‌ಗೆ ಬಂದದ್ದು ಬರೀ 30! ಎರಡು ಹೆಸರಿನ ಮಟ್ಟಿಗೆ ಒಮ್ಮತ, ಆಮೇಲೆ ಅವರವರ ಪ್ರೀತಿ.

ನಿಜವಾದ ಗದ್ದಲ ಎದ್ದದ್ದು 2001ರಲ್ಲಿ. ಆಟಗಾರನನ್ನು ಬಿಟ್ಟು ಒಂದೊಂದೇ ಇನಿಂಗ್ಸ್ ತೂಗುವ 'ವಿಸ್ಡನ್ 100' ಪಟ್ಟಿ ಹೊರಬಂತು. ಪಿಚ್, ಎದುರಾಳಿ ಬೌಲಿಂಗ್, ತಂಡದ ಮೊತ್ತದಲ್ಲಿ ಪಾಲು, ಫಲಿತಾಂಶ ಎಲ್ಲವನ್ನೂ ಕಂಪ್ಯೂಟರ್‌ಗೆ ಉಣ್ಣಿಸಿ ತೆಗೆದ ಪಟ್ಟಿ. 1937ರಲ್ಲಿ ಮೆಲ್ಬರ್ನ್‌ನಲ್ಲಿ ಬ್ರಾಡ್ಮನ್ ಹೊಡೆದ 270 ಮೊದಲನೆಯದು. ಆಗಷ್ಟೇ ಕೋಲ್ಕತ್ತದಲ್ಲಿ ವಿವಿಎಸ್ ಲಕ್ಷ್ಮಣ್ ಬಾರಿಸಿದ್ದ 281 ಆರನೆಯದು. ತೆಂಡೂಲ್ಕರ್ ಅವರ ಒಂದೂ ಟೆಸ್ಟ್ ಇನಿಂಗ್ಸ್ ನೂರರೊಳಗೆ ಇರಲಿಲ್ಲ. ದೇಶ ಸಿಟ್ಟಾಯಿತು. ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದೆ ಹೋದದ್ದು 38ನೇ ಸ್ಥಾನ: ಚೆಪಾಕ್‌ನ ಆ ಅಜೇಯ 97. ಶತಕವಲ್ಲದ ಇನಿಂಗ್ಸ್‌ಗಳಲ್ಲಿ ಅದಕ್ಕೆ ಎರಡನೇ ಸ್ಥಾನ. ಸರಾಸರಿ ಕೆಳಗೆ ತಳ್ಳಿದ್ದ ಮನುಷ್ಯನನ್ನು ಇನ್ನೊಂದು ಲೆಕ್ಕ ಕೈಹಿಡಿದು ಮೇಲೆ ತಂದಿತು. ವಿಶ್ವನಾಥ್ ಹೊಡೆದ 14 ಶತಕಗಳಲ್ಲಿ ಒಂದೂ ಸೋತ ಟೆಸ್ಟ್‌ನಲ್ಲಿ ಬರಲಿಲ್ಲ ಎಂಬ ಹಳೆಯ ಮಾತಿಗೂ ಆಗ ಹೊಸ ಅರ್ಥ ಬಂತು.

ಹಾಗಾದರೆ 303? ಇಂಗ್ಲೆಂಡ್ 477 ಹೊಡೆದಿದ್ದ ಪಿಚ್ ಅದು, ಬೌಲರ್‌ಗೆ ಏನೂ ಇರಲಿಲ್ಲ. ಆದರೂ ತನ್ನ ಮೂರನೇ ಟೆಸ್ಟ್‌ನಲ್ಲೇ, ಮೊದಲ ಶತಕವನ್ನೇ ತ್ರಿಶತಕ ಮಾಡುವುದು ಸಣ್ಣ ಮಾತಲ್ಲ. ಅದಕ್ಕೂ ಮೊದಲು ಹಾಗೆ ಮಾಡಿದವರು ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್ ಇಬ್ಬರೇ. 190ರಲ್ಲಿ 97 ಅಂದರೆ ಅರ್ಧಕ್ಕೂ ಮಿಗಿಲು. 759ರಲ್ಲಿ 303 ಅಂದರೆ ನೂರಕ್ಕೆ ನಲವತ್ತು. ನನ್ನ ಮತ 97ಕ್ಕೆ.

ದ್ರಾವಿಡ್ ವಿಷಯ ಬೇರೆಯೇ. ಅವರನ್ನು ಒಂದು ಇನಿಂಗ್ಸ್‌ನಲ್ಲಿ ಹಿಡಿಯಲು ಹೋದರೆ ಸಿಗುವುದಿಲ್ಲ. 2002ರಲ್ಲಿ ಹೆಡಿಂಗ್ಲಿಯಲ್ಲಿ 148, 2003ರಲ್ಲಿ ಅಡಿಲೇಡ್‌ನಲ್ಲಿ 233 ಮತ್ತು ಅಜೇಯ 72, 2004ರಲ್ಲಿ ರಾವಲ್ಪಿಂಡಿಯಲ್ಲಿ 270 ಇವೆ, ನಿಜ. ಆದರೆ ಅವರ ದೊಡ್ಡಸ್ತಿಕೆ ಇರುವುದು ಎರಡು ಅಂಕಿಗಳಲ್ಲಿ. ಒಂದು, ಟೆಸ್ಟ್‌ನಲ್ಲಿ ಎದುರಿಸಿದ 31,258 ಎಸೆತಗಳು. ಅಷ್ಟು ಚೆಂಡು ಎದುರಿಸಿದವರು ಬೇರೆ ಯಾರೂ ಇಲ್ಲ. ಇನ್ನೊಂದು, ತವರಿನಲ್ಲಿ 51.35 ಇದ್ದ ಸರಾಸರಿ ಹೊರದೇಶದಲ್ಲಿ 53.03. ಭಾರತದ ಬ್ಯಾಟ್ಸ್‌ಮನ್ ಹೊರಗೆ ಹೋದರೆ ಮಂಕಾಗುತ್ತಾನೆ ಎಂಬ ಮಾತನ್ನು ಅವರ ಈ ಎರಡು ದಶಮಾಂಶಗಳು ಸುಳ್ಳು ಮಾಡಿದವು. ಎದುರಿಸಿದ ಎಸೆತಗಳ ಲೆಕ್ಕ ಹಳೆಯ ಸ್ಕೋರ್‌ಕಾರ್ಡ್‌ಗಳಲ್ಲಿ ಎಷ್ಟೋ ಕಡೆ ಇಲ್ಲವೇ ಇಲ್ಲ, ಹಾಗಾಗಿ ಹಾಬ್ಸ್ ಎಷ್ಟು ಚೆಂಡು ತಡೆದರು ಎಂದು ಪಕ್ಕದಲ್ಲಿಟ್ಟು ಹೋಲಿಸುವುದು ಕಷ್ಟ. 2020ರ ಜೂನ್‌ನಲ್ಲಿ, ಲಾಕ್‌ಡೌನ್‌ನ ಬೇಸರದ ದಿನಗಳಲ್ಲಿ, ವಿಸ್ಡನ್ ಇಂಡಿಯಾ ಫೇಸ್‌ಬುಕ್‌ನಲ್ಲಿ ಜನರನ್ನೇ ಕೇಳಿತು. 11,400 ಮಂದಿ ಮತ ಹಾಕಿದರು. ಭಾರತದ ಶ್ರೇಷ್ಠ ಟೆಸ್ಟ್ ಬ್ಯಾಟ್ಸ್‌ಮನ್ ಎಂದು ದ್ರಾವಿಡ್‌ಗೆ 52%, ತೆಂಡೂಲ್ಕರ್‌ಗೆ 48%. ಕನ್ನಡಿಗರಿಗೆ ಖುಷಿಯಾಯಿತು, ಆದರೆ ಇದನ್ನು ಅಳತೆ ಎನ್ನಲು ನನಗೆ ಮನಸ್ಸಿಲ್ಲ.

ಇಷ್ಟೆಲ್ಲ ಪಟ್ಟಿಗಳಿದ್ದರೂ ದೇಶಿ ಕ್ರಿಕೆಟ್ ಅವುಗಳಿಗೆ ಕಾಣುವುದೇ ಇಲ್ಲ. 1973-74ರ ರಣಜಿ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ಕಪ್ ಗೆದ್ದಿದ್ದ ಮುಂಬೈಯನ್ನು ಕರ್ನಾಟಕ ಬೆಂಗಳೂರಿನಲ್ಲಿ ತಡೆದಾಗ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ರಾಜ್ಯದ ಮೊದಲ ರಣಜಿ ಪ್ರಶಸ್ತಿಗೆ ದಾರಿಯಾದ ಆ ರನ್‌ಗಳಿಗೆ ಐಸಿಸಿಯ ಲೆಕ್ಕದಲ್ಲಿ ಅಂಕ ಸೊನ್ನೆ.

ಇನ್ನೂ ದೊಡ್ಡ ಮರೆವು ಹೆಣ್ಣುಮಕ್ಕಳ ಕ್ರಿಕೆಟ್‌ನದು. ವಿಜಯಪುರಕ್ಕೆ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಹೆಸರು ತಂದವರು ಗಂಡು ಬ್ಯಾಟ್ಸ್‌ಮನ್ ಅಲ್ಲ, ಬೌಲರ್ ರಾಜೇಶ್ವರಿ ಗಾಯಕ್‌ವಾಡ್. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್. ಬ್ಯಾಟಿಂಗ್‌ನಲ್ಲಿ ಹುಡುಕಿದರೆ ಕರ್ನಾಟಕದ ಶಾಂತಾ ರಂಗಸ್ವಾಮಿ ಸಿಗುತ್ತಾರೆ. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. 1977ರ ಜನವರಿಯಲ್ಲಿ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು ಹೊಡೆದ 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಪಿಚ್ ಹೇಗಿತ್ತು, ಬೌಲರ್‌ಗಳು ಎಂಥವರು, ತಂಡ ಯಾವ ಸ್ಥಿತಿಯಲ್ಲಿತ್ತು ಎಂದು ಗಂಡಸರ ಇನಿಂಗ್ಸ್‌ಗಳಿಗೆ ಕೇಳಿದ ಪ್ರಶ್ನೆಗಳನ್ನೇ ಆ 108ಕ್ಕೂ ಕೇಳಿ, ಅದಕ್ಕೂ ಒಂದು ಸ್ಥಾನ ಕೊಡುವ ಕೆಲಸ ಬಾಕಿಯಿದೆ.