ಉರಿಯೂತದ ಉರಿ

ಉರಿಯೂತವನ್ನು ಬಿಡಿಸಿ ನೋಡಲು ವ್ಯಾಕರಣದ ಸಾಹಸವೇನೂ ಬೇಡ: ಉರಿ, ಊತ, ನಡುವೆ ಯಕಾರಾಗಮ. ಎರಡು ತುಂಡುಗಳೂ ದೊಡ್ಡ ಸಂಸಾರದಿಂದ ಬಂದವು. ಒಲೆಯ ಉರಿ, ಉರಿಬಿಸಿಲು, ಉರಿಗಣ್ಣ ಶಿವ, 12ನೆಯ ಶತಮಾನದ ವಚನಕಾರ ಉರಿಲಿಂಗದೇವ, ಅಲ್ಲಿಂದ ಮೈಯೊಳಗೆ ಇಳಿದು ಕಣ್ಣುರಿ, ಎದೆಯುರಿ, ಉರಿಮೂತ್ರ, ಕೊನೆಗೆ ಯಾವ ವೈದ್ಯನ ಕೈಗೂ ಸಿಗದ ಹೊಟ್ಟೆಯುರಿ. ಊತದ ಬೇರು ಊದು: ಕೊಳಲೂದುವುದು, ಒಲೆಯೂದುವುದು, ಕಾಲು ಊದಿಕೊಳ್ಳುವುದು. (ಊದುಬತ್ತಿಯನ್ನೂ ಈ ಮನೆಗೆ ಸೇರಿಸುವ ಆಸೆ ನಮಗೆ ಆಗದಿರದು, ಅದರ ನೆಂಟಸ್ತನ ಮಾತ್ರ ಅಗರುಮರಕ್ಕೆ ಅರಬ್ಬರು ಹೇಳುವ ಊದ್‌ನೊಡನೆ.)

ಈ ಜೋಡಿಪದ ಪುಸ್ತಕದ್ದು. ಊರ ಬಾಯಲ್ಲಿ ಇರುವುದು ಬಾವು. ‘ಕೆನ್ನೆ ಬಾತಿದೆ’ ಎನ್ನುವಲ್ಲಿರುವುದು ಅದರ ಕ್ರಿಯಾರೂಪ, ತೆಲುಗಿನ ವಾಪು ಅದರ ಒಡಹುಟ್ಟು. ತಮಿಳಿನ ವಾಯ್ ನಮ್ಮ ಬಾಯಿಯಾದ, ವೇರ್ ನಮ್ಮ ಬೇರಾದ ದಾರಿಯಲ್ಲೇ ಅಲ್ಲಿಯ ವಕಾರ ಇಲ್ಲಿ ಬಕಾರ. ಸಂಸ್ಕೃತದಲ್ಲಿ ಶೋಥ, ಶೋಫ; ಸುಶ್ರುತ ಅದನ್ನು ಆಮ, ಪಚ್ಯಮಾನ, ಪಕ್ವ ಎಂದು ಹಂತಹಂತವಾಗಿ ಕಂಡ. ಶೋಥದ ಧಾತು ಶ್ವಿ, ಉಬ್ಬುವುದು. ಅದರಿಂದಲೇ ಉಬ್ಬಿದ್ದು ಶೂನ, ಉಬ್ಬಿ ಒಳಗೆ ಪೊಳ್ಳಾದದ್ದು ಶೂನ್ಯ. ಬಾತ ಹಿಮ್ಮಡಿಯೂ ಅಲ್ಲಮನ ಬಯಲೂ ಒಂದೇ ಧಾತುವಿನ ಬಳಗಕ್ಕೆ ಸೇರುವ ಸುಖವನ್ನು ನಿಘಂಟಲ್ಲದೆ ಇನ್ಯಾವ ಗ್ರಂಥ ಕೊಟ್ಟೀತು?

1ನೆಯ ಶತಮಾನದ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣ ಎಣಿಸಿದ. ಗ್ರೀಕರ ಫ್ಲೆಗ್ಮೊನೆ, ಲ್ಯಾಟಿನ್ನಿನ ಇನ್‌ಫ್ಲಮಾಟಿಯೊ ಎರಡೂ ಬರೀ ಬೆಂಕಿಯ ಹೆಸರು. ಕನ್ನಡ ಊತವನ್ನೂ ಬಿಡಲಿಲ್ಲ.

ಈಗ ಪದ ಹೊಸ ಕೆಲಸಕ್ಕೆ ಸೇರಿದೆ. ರಕ್ತದೊತ್ತಡ, ಅಂದರೆ ನಾವೆಲ್ಲ ಆಡುವ ಬೀಪಿ, ಏರಿದವರ ನಾಳಗಳಲ್ಲಿ, ಮೂತ್ರಪಿಂಡಗಳಲ್ಲಿ ಉರಿಯೂತವಿದೆ ಎನ್ನುವಾಗ ಕಣ್ಣಿಗೆ ಕಾಣುವ ಕೆಂಪಿಲ್ಲ, ಕೈಗೆ ತಾಗುವ ಬಿಸಿಯಿಲ್ಲ, ನೋವಂತೂ ಇಲ್ಲವೇ ಇಲ್ಲ. ಪ್ರತಿರಕ್ಷೆಯ ಕಣಗಳು ನಾಳದ ಗೋಡೆಗೆ ನುಗ್ಗಿ ಸೈಟೊಕೈನುಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಸುತ್ತವೆ, ಅಷ್ಟೆ. 2007ರಲ್ಲಿ ಅಮೆರಿಕದ ಡೇವಿಡ್ ಹ್ಯಾರಿಸನ್ ತಂಡ ರಾಗ್-1 ಜೀನಿಲ್ಲದ, ಆದ್ದರಿಂದ ಪ್ರತಿರಕ್ಷೆಯ ಟಿ ಕಣವೂ ಬಿ ಕಣವೂ ಇಲ್ಲದ ಇಲಿಗಳಿಗೆ ಒತ್ತಡ ಏರಿಸುವ ಆಂಜಿಯೊಟೆನ್ಸಿನ್ ಕೊಟ್ಟರೆ ಒತ್ತಡ ಎಂದಿನಷ್ಟು ಏರಲಿಲ್ಲ. ಟಿ ಕಣಗಳನ್ನು ತುಂಬಿದ ಮೇಲೆ ಏರಿತು. 2009ರಲ್ಲಿ ಸಾವಿರಾರು ಜನರ ಜೀನುಗಳನ್ನು ಜಾಲಾಡಿದಾಗ ಒತ್ತಡದೊಡನೆ ಗಂಟುಬಿದ್ದು ಕಂಡವುಗಳಲ್ಲಿ ಎಸ್‌ಎಚ್2ಬಿ3 ಒಂದು. ಅದರ ಪ್ರೋಟೀನಿನ ಕೆಲಸ ಪ್ರತಿರಕ್ಷೆಯ ಕಣಗಳ ಹುರುಪಿಗೆ ಕಡಿವಾಣ ಹಾಕುವುದು.

ಆದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರು ಇಲ್ಲಿ ಸ್ವಲ್ಪ ತಡೆಯಬೇಕು. ಉರಿಯೂತದ ಗುರುತಾದ ಸಿ-ರಿಯಾಕ್ಟಿವ್ ಪ್ರೋಟೀನು ರಕ್ತದಲ್ಲಿ ಹೆಚ್ಚಿರುವವರಿಗೆ ಬೀಪಿಯೂ ಹೆಚ್ಚು. ಆದರೆ ಆ ಪ್ರೋಟೀನನ್ನು ಹೆಚ್ಚಿಸುವ ಜೀನುರೂಪವನ್ನು ಹುಟ್ಟಿನಿಂದಲೇ ಪಡೆದವರಲ್ಲಿ ಒತ್ತಡ ಹೆಚ್ಚಿರಲಿಲ್ಲವೆಂದು ಬ್ರಿಟನ್ನಿನ ಹೆಂಗಸರ ನಡುವೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಗೆ ಇತ್ತು, ಬೆಂಕಿ ಹಚ್ಚಿದ್ದು ಅದಲ್ಲ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೊಕೈನನ್ನು ತಡೆಯುವ ಔಷಧ 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಹೃದಯಾಘಾತಗಳನ್ನು ತಗ್ಗಿಸಿತೇ ಹೊರತು ಬೀಪಿಯನ್ನಲ್ಲ.

ನಾಳಗಳ ಈ ಸದ್ದಿಲ್ಲದ ಸ್ಥಿತಿಗೆ ಕಾವು ಎಂಬ ಪದ ಚೆನ್ನಾಗಿ ಒಪ್ಪುತ್ತಿತ್ತೆಂದು ನನ್ನ ಎಣಿಕೆ: ಕೋಳಿ ಮೊಟ್ಟೆಗೆ ಕೊಡುವ ಕಾವಿನಲ್ಲಿ ಉರಿಯಿಲ್ಲ, ಬಿಡುವಿಲ್ಲದ ಬಿಸಿಯಿದೆ. ಕಾಲ ಮಿಂಚಿತು. ಉರಿಯೂತ ಪತ್ರಿಕೆಗಳ ಆರೋಗ್ಯದ ಪುಟಕ್ಕೂ ಅರಿಸಿನದ ಗುಣಗಾನಕ್ಕೂ ಹತ್ತಿ, ‘ಉರಿಯೂತನಿರೋಧಕ’ ಎಂದು ಸಂಸ್ಕೃತದ ಬಾಲವನ್ನೂ ಬೆಳೆಸಿಕೊಂಡಿದೆ. ಕನ್ನಡಕ್ಕೆ ಸಂಸ್ಕೃತ ಬೆಸೆದ ಈ ಅರಿಸಮಾಸ ಕಣ್ಣಿಗೆ ಬಿದ್ದಿದ್ದರೆ ವ್ಯಾಕರಣಕಾರ ಕೇಶಿರಾಜನ ಬೀಪಿಯೂ ಒಂದಿಷ್ಟು ಏರುತ್ತಿತ್ತೇನೋ.